ಕಪಡೋಕಿಯಾದ ದ್ರಾಕ್ಷಿ ತೋಟವನ್ನು ಪ್ರವಾಸಿಯ ವೈನ್ ಉಳಿಸೀತೇ?

ಟರ್ಕಿಯ ನಡುಭಾಗದ ಕಪಡೋಕಿಯಾ ಎಂದೊಡನೆ ನೆನಪಾಗುವುದು ಬಿಸಿಗಾಳಿ ಬಲೂನು, ಬಂಡೆ ಕೊರೆದು ಮಾಡಿದ ಚರ್ಚು, ಗುಹೆಯೊಳಗಿನ ಹೋಟೆಲು. ಈಗ ವೈನ್ ಬಾರ್ ಮತ್ತು ವೈನರಿಗಳ ಸುತ್ತಾಟವೂ ಈ ಸಾಲಿಗೆ ಸೇರಿದೆ. ಉರ್ಗುಪ್, ಗೊರೆಮೆ, ಉಚ್‌ಹಿಸಾರ್‌ಗಳಿಗೆ ಹೋದವರು ಒಂದು ಸಂಜೆಯನ್ನಾದರೂ ಇದಕ್ಕೆಂದು ಎತ್ತಿಡುತ್ತಾರೆ. ಈ ಸುತ್ತಾಟದಿಂದ ಅಲ್ಲಿನ ಹಳೆಯ ದ್ರಾಕ್ಷಿ ಬೇಸಾಯ ಉಳಿಯುತ್ತದೆಯೇ? ಉಳಿಯುತ್ತದೆ ಎನ್ನುವವರ ಮಾತು ಮೊದಲು, ಇಲ್ಲ ಎನ್ನುವವರದು ಆಮೇಲೆ.

ಪರ: ಎಮಿರ್ ಕೇಳುವವರು ಬರಲಿ

ಎಮಿರ್ ಎಂಬ ಬಿಳಿ ದ್ರಾಕ್ಷಿಯಿಂದಲೇ ಮಾತು ಶುರು ಮಾಡಬೇಕು. ಇದು ನೆವ್‌ಶೆಹಿರ್ ಪ್ರಾಂತ್ಯದ ತಳಿ. ಸಮುದ್ರಮಟ್ಟದಿಂದ ಸಾವಿರ ಮೀಟರಿನಷ್ಟು ಎತ್ತರ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲಿನ ನೆಲ, ಹಗಲೆಲ್ಲ ಸುಡುವ ಬಿಸಿಲು, ಕತ್ತಲಾಗುತ್ತಲೇ ಚಳಿ. ಈ ಹವೆಗೆ ಒಗ್ಗಿದ ಎಮಿರ್ ಬೇರೆ ಸೀಮೆಗಳಲ್ಲಿ ಕಾಣಸಿಗುವುದು ಅಪರೂಪ. ರಾತ್ರಿಯ ತಂಪಿನಿಂದಾಗಿ ಹಣ್ಣು ಮಾಗಿದರೂ ಅದರ ಹುಳಿ ಇಳಿಯುವುದಿಲ್ಲ. ಆ ಹುಳಿಯೇ ಅದರ ವೈನಿನ ಜೀವ. ತೆಳು ಹಳದಿಯಲ್ಲಿ ಒಂದಿಷ್ಟು ಹಸಿರು ಬೆರೆತ ಬಣ್ಣ, ಮೂಗಿಗೆ ಹಸಿರು ಸೇಬು ಮತ್ತು ನಿಂಬೆಯ ಪರಿಮಳ, ನಾಲಿಗೆಯ ಅಂಚನ್ನು ಚುರುಕುಗೊಳಿಸುವ ಹುಳಿ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂಡಿಡುವ ಬಗೆಯದಲ್ಲ. ಎಳೆಯದಿರುವಾಗಲೇ, ತಣ್ಣಗೆ ಕುಡಿಯಬೇಕು. ಬುರುಗು ವೈನಿಗೂ ಇದನ್ನು ಬಳಸುತ್ತಾರೆ.

ಇಂಥ ತಳಿ ಉಳಿಯಬೇಕಾದರೆ ಅದನ್ನೇ ಬೇಕೆಂದು ಕೇಳುವವರಿರಬೇಕು. ದ್ರಾಕ್ಷಿ ತೋಟಗಳ ವಿಸ್ತೀರ್ಣದಲ್ಲಿ ಟರ್ಕಿ ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು. ಆದರೆ ಬೆಳೆದದ್ದರಲ್ಲಿ ವೈನ್ ಆಗುವುದು ತೀರಾ ಸಣ್ಣ ಪಾಲು. ಉಳಿದದ್ದು ಹಣ್ಣಾಗಿ, ಒಣದ್ರಾಕ್ಷಿಯಾಗಿ, ಪೆಕ್ಮೆಜ್ ಎಂಬ ದ್ರಾಕ್ಷಿ ಪಾಕವಾಗಿ ಖರ್ಚಾಗುತ್ತದೆ. ಪಾಕ ಕಾಯಿಸುವವರಿಗೆ ಹಣ್ಣು ಸಿಹಿಯಾಗಿದ್ದರೆ ಸಾಕು, ತಳಿ ಯಾವುದಾದರೇನು? ಹುಳಿ ಮುಂದಾದ ಎಮಿರ್‌ಗೆ ಅದರದೇ ಹೆಸರಿನಲ್ಲಿ ಬೆಲೆ ಕಟ್ಟುವವರು ವೈನ್ ಮಾಡುವವರು ಮಾತ್ರ. ಅವರೂ ಕೈಬಿಟ್ಟರೆ ರೈತ ಆ ಬಳ್ಳಿ ಕಿತ್ತು ಬೇರೆ ಬೆಳೆ ಹಾಕುತ್ತಾನೆ. ಅದಕ್ಕಾಗಿ ಅವನನ್ನು ದೂರುವ ಹಕ್ಕು ನಮಗಿಲ್ಲ.

ಹಾಗಾದರೆ ವೈನ್ ಮಾಡುವವರನ್ನು ಯಾರು ಉಳಿಸಬೇಕು? ಟರ್ಕಿಯಲ್ಲಿ ಕುಡಿಯುವವರ ಒಲವು ಹೆಚ್ಚಾಗಿ ಬಿಯರ್ ಮತ್ತು ಸೋಂಪಿನ ಘಮದ ರಾಕಿಯ ಕಡೆಗೆ. 2013ರಲ್ಲಿ ಬಂದ ಕಾನೂನು ಮದ್ಯದ ಜಾಹೀರಾತು ಮತ್ತು ಪ್ರಾಯೋಜಕತ್ವವನ್ನು ನಿಷೇಧಿಸಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಂಗಡಿಗಳಲ್ಲಿ ಬಾಟಲಿ ಮಾರುವಂತಿಲ್ಲ. ಇದರ ಮೇಲೆ ವಿಶೇಷ ತೆರಿಗೆಯ ಹೊರೆ. ದೊಡ್ಡ ಕಂಪನಿಗಳಿಗೆ ನಗರದ ಅಂಗಡಿಗಳ ಕಪಾಟುಗಳಲ್ಲಿ ಜಾಗ ಮೊದಲೇ ಇದೆ, ಅವು ಹೇಗೋ ನಿಭಾಯಿಸುತ್ತವೆ. ವರ್ಷಕ್ಕೆ ಕೆಲವೇ ಸಾವಿರ ಬಾಟಲಿ ತುಂಬುವವನು ತನ್ನ ವೈನ್ ಹೀಗಿದೆ ಎಂದು ಯಾರಿಗೆ, ಎಲ್ಲಿ ಹೇಳಬೇಕು? ತನ್ನ ಬಾಗಿಲಿಗೆ ಬಂದವನಿಗೆ ಹೇಳಬೇಕು, ಇಲ್ಲವೇ ಊರಿನ ಬಾರ್‌ನಲ್ಲಿ ಬಾಟಲಿ ತೆರೆಯುವಾತ ಅವನ ಪರವಾಗಿ ಹೇಳಬೇಕು. ಇಲ್ಲಿನ ವೈನ್ ಬಾರ್‌ಗಳನ್ನು ಮೋಜಿನ ತಾಣವೆಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು: ಸಣ್ಣ ಉತ್ಪಾದಕರಿಗೆ ಉಳಿದಿರುವ ಮಾರುಕಟ್ಟೆ ಬಹುಪಾಲು ಅದೇ.

ನೋಡಲು, ಸವಿಯಲು ಇಲ್ಲಿ ಬೇಕಾದಷ್ಟಿದೆ. ಉರ್ಗುಪ್‌ನಲ್ಲಿ 1943ರಿಂದ ಟುರಾಸನ್ ವೈನರಿ ಇದೆ. 1972ರಲ್ಲಿ ಶುರುವಾದ ಕೊಜಾಬಾ ಈ ಸೀಮೆಯ ಮತ್ತೊಂದು ಹಳೆಯ ಹೆಸರು. ಅಂಕಾರಾದ ಕವಾಕ್ಲಿದೆರೆ ಕಂಪನಿ ಗುಲ್‌ಶೆಹಿರ್ ಬಳಿ ತೋಟ ಮಾಡಿದೆ. ಅಕ್ಸರಾಯ್ ಕಡೆಯ ಗುಜೆಲ್ಯುರ್ತ್‌ನಲ್ಲಿ ಹಳೆಯ ಮಣ್ಣಿನ ಗುಡಾಣಗಳಲ್ಲಿ ರಸ ಹುದುಗಿಸುವ ಪ್ರಯತ್ನವೂ ನಡೆದಿದೆ. ಮೆದುಕಲ್ಲಿನಲ್ಲಿ ಕೊರೆದ ನೆಲಮಾಳಿಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಯಂತ್ರದ ಹಂಗಿಲ್ಲ. ಇದೇ ಸೀಮೆಯ ಓರ್ತಾಹಿಸಾರ್‌ನಲ್ಲಿ ಮೆಡಿಟರೇನಿಯನ್ ಕರಾವಳಿಯ ನಿಂಬೆಹಣ್ಣನ್ನು ತಿಂಗಳುಗಟ್ಟಲೆ ಕೆಡದಂತೆ ಇಡುವುದೂ ಇಂಥ ಗುಹೆಗಳಲ್ಲೇ.

ಇತಿಹಾಸದ ಮಾತಿಗೆ ಬಂದರೆ ನನಗೆ ನಿಜಕ್ಕೂ ಮೈ ಝುಮ್ಮೆನ್ನುತ್ತದೆ. ದಕ್ಷಿಣಕ್ಕೆ, ಕೊನ್ಯಾ ಪ್ರಾಂತ್ಯದ ಇವ್ರಿಜ್‌ನಲ್ಲಿ ಕ್ರಿ.ಪೂ. 8ನೇ ಶತಮಾನದ ಬಂಡೆಯ ಉಬ್ಬುಶಿಲ್ಪವಿದೆ. ತರ್ಹುಂಜ ಎಂಬ ಮಳೆಯ ದೇವರ ಒಂದು ಕೈಯಲ್ಲಿ ಗೋಧಿಯ ತೆನೆ, ಇನ್ನೊಂದರಲ್ಲಿ ದ್ರಾಕ್ಷಿಯ ಗೊಂಚಲು. ಎದುರಿಗೆ ಕೈ ಎತ್ತಿ ನಿಂತ ರಾಜ. ಅದಕ್ಕೂ ಹಿಂದೆ ಈ ಸೀಮೆಯನ್ನು ಆಳಿದ ಹಿಟೈಟರ ಕಾನೂನಿನಲ್ಲಿ ದ್ರಾಕ್ಷಿ ತೋಟಕ್ಕೆ ಕುರಿ ನುಗ್ಗಿಸಿ ಹಾಳು ಮಾಡಿದವನಿಗೆ ದಂಡ ವಿಧಿಸಿದ್ದಾರೆ: ಬಳ್ಳಿಯಲ್ಲಿ ಹಣ್ಣಿದ್ದರೆ ಹೆಚ್ಚು, ಇಲ್ಲದಿದ್ದರೆ ಕಡಿಮೆ. ಕಿಜಿಲ್‌ಚುಕುರ್ ಕಣಿವೆಯಲ್ಲಿ ಉಜುಮ್ಲು ಎಂಬ ಬಂಡೆಯ ಚರ್ಚಿನಲ್ಲಿ ದ್ರಾಕ್ಷಿ ಗೊಂಚಲುಗಳ ಚಿತ್ರ ಬರೆದಿದ್ದಾರೆ. ಕಣಿವೆಗಳಲ್ಲಿ ನಡೆಯುತ್ತಾ ಹೋದರೆ ಶಿರಾಹಾನೆಗಳು ಎದುರಾಗುತ್ತವೆ. ಬಂಡೆಯಲ್ಲೇ ಕಡೆದ ಆಳವಿಲ್ಲದ ತೊಟ್ಟಿ, ಅದರ ಅಂಚಿನಲ್ಲೊಂದು ತೂತು, ಕೆಳಗೆ ಇನ್ನೊಂದು ಆಳದ ತೊಟ್ಟಿ. ಮೇಲೆ ಕಾಲಿನಲ್ಲಿ ತುಳಿದ ಹಣ್ಣಿನ ರಸ ತೂತಿನಿಂದ ಕೆಳಗಿಳಿಯುತ್ತಿತ್ತು. ಡೆರಿನ್‌ಕುಯು, ಕಾಯ್‌ಮಾಕ್ಲಿಯ ನೆಲದಡಿಯ ನಗರಗಳಲ್ಲೂ ಇಂಥವು ಇವೆ.

ಈ ಕಸುಬಿಗೆ ದೊಡ್ಡ ಪೆಟ್ಟು ಬಿದ್ದದ್ದು 1923ರಲ್ಲಿ. ಗ್ರೀಸ್ ಮತ್ತು ಟರ್ಕಿ ಧರ್ಮದ ಆಧಾರದ ಮೇಲೆ ಜನರನ್ನೇ ಅದಲುಬದಲು ಮಾಡಿಕೊಂಡವು. ಸಿನಾಸೋಸ್, ಗೆಲ್ವೆರಿಯಂಥ ಊರುಗಳ ಆರ್ಥೊಡಾಕ್ಸ್ ಕ್ರೈಸ್ತರು ಮನೆಮಠ ಬಿಟ್ಟು ಗ್ರೀಸಿಗೆ ಹೋದರು. ವೈನ್ ಮಾಡುವ ಕೈಗಳು ಹೆಚ್ಚಾಗಿ ಅವರವೇ ಆಗಿದ್ದವು. ಇಪ್ಪತ್ತು ವರ್ಷದ ಬಳಿಕ ಅಲ್ಲೇ ಮತ್ತೆ ವೈನರಿ ಕಟ್ಟಿದವರ ಧೈರ್ಯಕ್ಕೆ ನಾವು ಬೆಲೆ ಕೊಡಬೇಕು. ಬರಿಯ ಮೆಚ್ಚುಗೆಯಿಂದ ವೈನರಿ ನಡೆಯುವುದಿಲ್ಲ. ಬಾಟಲಿ ಕೊಂಡರೆ ನಡೆಯುತ್ತದೆ. ಉರ್ಗುಪ್‌ಗೆ ಹೋಗುವವರು ಸೆಪ್ಟೆಂಬರ್–ಅಕ್ಟೋಬರ್‌ನ ಕೊಯ್ಲಿನ ಹೊತ್ತಿಗೆ ಹೋಗಿ, ಕೂತಲ್ಲಿ ಮೊದಲು ಎಮಿರ್ ಕೇಳಲಿ. ಹಣ್ಣು ಯಾವ ಊರಿನ ತೋಟದ್ದೆಂದೂ ಕೇಳಲಿ. ದಿನಕ್ಕೆ ಹತ್ತು ಮಂದಿ ಹಾಗೆ ಕೇಳತೊಡಗಿದರೆ ಮುಂದಿನ ಕೊಯ್ಲಿನಲ್ಲಿ ಬಾರ್‌ನವನೂ ರೈತನನ್ನು ಅದನ್ನೇ ಕೇಳುತ್ತಾನೆ.

ವಿರೋಧ: ತೋಟ ಕಾದವರು ಬೇರೆ

ಗೊರೆಮೆಯ ಯಾವುದಾದರೂ ವೈನ್ ಬಾರ್‌ನಲ್ಲಿ ಪಟ್ಟಿ ತೆರೆದು ನೋಡಿ. ಕೆಂಪು ವೈನ್‌ಗಳಲ್ಲಿ ಎದ್ದು ಕಾಣುವ ಹೆಸರು ಒಕುಜ್‌ಗೊಜು ಮತ್ತು ಬೊವಾಜ್‌ಕೆರೆ. ಮೊದಲನೆಯದರ ತವರು ಎಲಾಜಿಗ್, ಎರಡನೆಯದರದು ದಿಯಾರ್‌ಬಕಿರ್. ಎರಡೂ ದೂರದ ಪೂರ್ವದಲ್ಲಿವೆ. ಕಲೆಜಿಕ್ ಕರಾಸಿ ಅಂಕಾರಾ ಕಡೆಯದು. ಜೊತೆಗೆ ಫ್ರಾನ್ಸ್ ಮೂಲದ ತಳಿಗಳು. ಒಳ್ಳೆಯ ವೈನ್‌ಗಳೇ, ಅದರಲ್ಲೂ ಬೊವಾಜ್‌ಕೆರೆಯ ಒಗರು ಮೆಚ್ಚುವವರು ಬಹಳ. ಆದರೆ ಇವನ್ನು ಕುಡಿದ ಪ್ರವಾಸಿ ಕಪಡೋಕಿಯಾದ ಬಳ್ಳಿಗೆ ನೀರೆರೆದೆನೆಂದು ಭಾವಿಸಿದರೆ ಅದು ತಪ್ಪು ಲೆಕ್ಕ. ಅವನು ಕೊಟ್ಟ ಹಣದಲ್ಲಿ ಹೆಚ್ಚಿನದು ಗುಹೆ ಕೋಣೆಯ ಬಾಡಿಗೆಗೆ, ತೆರಿಗೆಗೆ, ಸೇವೆಗೆ ಹೋಯಿತು. ಕಣಿವೆಯ ರೈತನ ಪಾಲಿಗೆ ಏನು ಬಂತು?

ಆ ಕಣಿವೆಯ ತೋಟ ಹೇಗಿರುತ್ತದೆ ಗೊತ್ತೇ? ಚಪ್ಪರವಿಲ್ಲ, ತಂತಿಯಿಲ್ಲ. ಮೊಣಕಾಲೆತ್ತರದ ಗಂಟುಗಂಟು ಬುಡ, ಅದರಿಂದ ಸುತ್ತ ನೆಲಕ್ಕೆ ಹರಡಿಕೊಂಡ ಕುಡಿಗಳು. ಬಂಡೆಗಳ ನಡುವಿನ ಸಣ್ಣಸಣ್ಣ ತುಂಡು ಹೊಲಗಳಿಗೆ ಯಂತ್ರ ಇಳಿಯುವುದು ಕಷ್ಟ. ಸವರುವುದು, ಬುಡ ಅಗೆಯುವುದು, ಗೊಂಚಲು ಕೊಯ್ಯುವುದು, ಎಲ್ಲಕ್ಕೂ ಬಗ್ಗಿ ನಿಂತ ಬೆನ್ನೇ ಬೇಕು. ಆ ಬೆನ್ನುಗಳು ಈಗ ಎಲ್ಲಿವೆ? ನಸುಕಿನಲ್ಲಿ ಬಲೂನಿಗೆ ಗಾಳಿ ತುಂಬುತ್ತಿವೆ, ಹೋಟೆಲಿನಲ್ಲಿ ಪೆಟ್ಟಿಗೆ ಹೊರುತ್ತಿವೆ, ಪ್ರವಾಸಿಗಳನ್ನು ನಾಲ್ಕು ಚಕ್ರದ ಬೈಕುಗಳಲ್ಲಿ ಕೂರಿಸಿ ಅದೇ ಕಣಿವೆಯಲ್ಲಿ ಧೂಳೆಬ್ಬಿಸುತ್ತಿವೆ. ಯುವಕರು ಹೆಚ್ಚು ಸಂಬಳದ ಕಡೆ ಹೋಗುವುದು ಸಹಜ, ನ್ಯಾಯವೂ ಹೌದು. ಆದರೆ ತೋಟದಿಂದ ಅವರನ್ನು ಸೆಳೆದುಕೊಂಡ ಪ್ರವಾಸೋದ್ಯಮವೇ ತೋಟವನ್ನು ಉಳಿಸುತ್ತದೆ ಎಂಬ ವಾದವನ್ನು ನಾನು ಒಪ್ಪಲಾರೆ. ದೊಡ್ಡ ಹೊಲವಿದ್ದವರು ಆಲೂಗಡ್ಡೆ, ಕುಂಬಳ ಬೀಜದ ಕಡೆ ಹೊರಳುತ್ತಾರೆ. ತುಂಡು ಹೊಲಗಳು ಪಾಳು ಬೀಳುತ್ತವೆ.

ಪಾರಿವಾಳದ ಗೂಡುಗಳನ್ನೇ ನೋಡಿ. ಉಚ್‌ಹಿಸಾರ್ ಕೆಳಗಿನ ಕಣಿವೆಯ ಬಂಡೆಗಳಲ್ಲಿ ಸಾಲುಸಾಲು ಚಿಕ್ಕ ತೂತುಗಳು, ಸುತ್ತ ಬಣ್ಣದ ಅಲಂಕಾರ. ಅವನ್ನು ಕೊರೆದದ್ದು ಗೊಬ್ಬರಕ್ಕಾಗಿ. ಗೂಡಿನೊಳಗೆ ಕೂಡಿದ ಹಿಕ್ಕೆಯನ್ನು ರೈತ ಬಾಚಿ ತೆಗೆದು ಬಳ್ಳಿಯ ಬುಡಕ್ಕೆ ಹಾಕುತ್ತಿದ್ದ. ಸಾರವಿಲ್ಲದ ಆ ಬೂದಿನೆಲದಲ್ಲಿ ಹಣ್ಣು ಹಿಡಿಯುತ್ತಿದ್ದುದು ಅದರ ಬಲದಿಂದ. ಈಗ ಅಲ್ಲಿ ಜನ ನಿಲ್ಲುವುದು ಫೋಟೋಕ್ಕೆ. ಗೊರೆಮೆ ಮತ್ತು ಸುತ್ತಲ ಬಂಡೆ ನೆಲೆಗಳು 1985ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. 2019ರಲ್ಲಿ ಸರ್ಕಾರ ಗೊರೆಮೆಯ ರಾಷ್ಟ್ರೀಯ ಉದ್ಯಾನದ ಸ್ಥಾನವನ್ನು ತೆಗೆದು, ಇಡೀ ಪ್ರದೇಶವನ್ನು ಬೇರೊಂದು ಕಾನೂನಿನಡಿ ತಂದಿತು. ಪ್ರವಾಸಿ ಹೆಚ್ಚಿದಷ್ಟೂ ನೆಲದ ಬೆಲೆ ಏರುತ್ತದೆ. ಏರಿದ ನೆಲದಲ್ಲಿ ಬಳ್ಳಿಗಿಂತ ಕೋಣೆ ಲಾಭ ತರುತ್ತದೆ.

ಇನ್ನು ಪ್ರವಾಸಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಟರ್ಕಿ ಎರಡು ಸಲ ಕಂಡಿದೆ. 2016ರಲ್ಲಿ ಬಾಂಬ್ ದಾಳಿಗಳು ಮತ್ತು ಸೇನಾ ದಂಗೆಯ ಯತ್ನದ ನಂತರ ವಿದೇಶಿಯರು ಬರುವುದು ತೀರಾ ಕಡಿಮೆಯಾಯಿತು. 2020ರಲ್ಲಿ ಕೊರೊನಾ ಬಾಗಿಲು ಹಾಕಿಸಿತು. ಹೋಟೆಲಿಗೆ ಬೀಗ ಹಾಕಬಹುದು, ಬಳ್ಳಿಗೆ ಹಾಕಲಾಗದು. ಸವರುವ ಕಾಲಕ್ಕೆ ಸವರಲೇಬೇಕು, ಹಣ್ಣು ಮಾಗಿದಾಗ ಯಾರಾದರೂ ಕೊಳ್ಳಲೇಬೇಕು.

ಆ ಕೊಳ್ಳುವವರು ಹಿಂದಿನಿಂದಲೂ ಇದ್ದಾರೆ, ವೈನ್ ಬಾರ್‌ಗೆ ಹೋದವರ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಪರ ವಹಿಸಿದವರು ಪೆಕ್ಮೆಜ್ ಅನ್ನು ಒಂದೇ ಮಾತಿನಲ್ಲಿ ದಾಟಿಬಿಟ್ಟರು. ನನಗೆ ಅಲ್ಲಿ ನಿಲ್ಲಬೇಕೆನಿಸುತ್ತದೆ. ಕೊಯ್ಲಿನ ಹೊತ್ತಿಗೆ ಹಳ್ಳಿಯ ಹೆಂಗಸರು ಹಣ್ಣು ಹಿಂಡಿ ರಸ ತೆಗೆಯುತ್ತಾರೆ. ಅದಕ್ಕೆ ಸುಣ್ಣದ ಅಂಶವಿರುವ ಬಿಳಿ ಮಣ್ಣನ್ನು ಬೆರೆಸಿ ಬಿಡುತ್ತಾರೆ. ಮಣ್ಣು ಹುಳಿಯನ್ನು ಮುರಿದು, ಕಸವನ್ನು ತನ್ನೊಂದಿಗೆ ಎಳೆದುಕೊಂಡು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಅಗಲವಾದ ಕೊಪ್ಪರಿಗೆಗೆ ಬಸಿದು, ಕೆಳಗೆ ಬೆಂಕಿ ಹಾಕಿ, ನೊರೆ ತೆಗೆಯುತ್ತಾ ಗಂಟೆಗಟ್ಟಲೆ ಕುದಿಸುತ್ತಾರೆ. ಕೊನೆಗೆ ನಮ್ಮ ಜೋನಿಬೆಲ್ಲದಂತೆ ಸೌಟಿನಿಂದ ಎಳೆಯಾಗಿ ಇಳಿಯುವ ಕಂದು ಪಾಕ ಸಿದ್ಧವಾಗುತ್ತದೆ. ಅದನ್ನು ಎಳ್ಳಿನ ತಾಹಿನಿಯೊಂದಿಗೆ ಕಲಸಿ ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆ. ರಸಕ್ಕೆ ಹಿಟ್ಟು ಸೇರಿಸಿ ಕಾಯಿಸಿ, ತಟ್ಟೆಗೆ ಸುರಿದು, ಕತ್ತರಿಸಿ ಒಣಗಿಸಿದರೆ ಕೊಫ್ತುರ್ ಎಂಬ ಸಿಹಿ. ಎಳೆ ಎಲೆಗಳಲ್ಲಿ ಅಕ್ಕಿ ತುಂಬಿ ಸುರುಳಿ ಸುತ್ತುತ್ತಾರೆ. ಮದ್ಯ ಮುಟ್ಟದ ಮನೆಗೂ ಈ ಬಳ್ಳಿ ಬೇಕು. ಅಲ್ಲಿ ಅಂಥ ಮನೆಗಳೇ ಹೆಚ್ಚು.

1923ರ ಕಥೆಯನ್ನೂ ನಾನು ಬೇರೆ ರೀತಿ ಓದುತ್ತೇನೆ. ವೈನ್ ಮಾಡುತ್ತಿದ್ದವರು ಗಡಿ ದಾಟಿ ಹೋದರು. ಗೆಲ್ವೆರಿಯವರು ಗ್ರೀಸಿನಲ್ಲಿ ನೆಅ ಕರ್ವಾಲಿ ಎಂಬ ಹೊಸ ಊರನ್ನೇ ಕಟ್ಟಿಕೊಂಡರು. 1943ರಲ್ಲಿ ಉರ್ಗುಪ್‌ನಲ್ಲಿ ವೈನರಿ ಶುರುವಾಯಿತು. ನಡುವಿನ ಇಪ್ಪತ್ತು ವರ್ಷ ಈ ಬಳ್ಳಿಗಳನ್ನು ಸವರಿ, ಗೊಬ್ಬರ ಹಾಕಿ ಕಾದವರು ಯಾರು? ಹಣ್ಣು, ಪಾಕ, ಎಲೆಗಾಗಿ ದ್ರಾಕ್ಷಿ ಬೆಳೆಯುತ್ತಿದ್ದ ನೆರೆಯ ರೈತರು, ಅವರ ಜೊತೆಗೆ ಗ್ರೀಸಿನಿಂದ ಬಂದು ಆ ಖಾಲಿ ಮನೆಗಳಲ್ಲಿ ನೆಲೆಸಿದ ಮುಸ್ಲಿಂ ನಿರಾಶ್ರಿತರು. ವೈನರಿಗೆ ಹಣ್ಣು ಸಿಕ್ಕಿದ್ದೇ ಅವರ ದುಡಿಮೆಯಿಂದ. ಶಿರಾಹಾನೆಯ ತೊಟ್ಟಿ ಕಂಡ ಕೂಡಲೇ ಮಾರ್ಗದರ್ಶಕರು ವೈನ್ ಎನ್ನುತ್ತಾರೆ. ಅಲ್ಲಿ ತುಳಿದ ರಸ ಪಾಕದ ಕೊಪ್ಪರಿಗೆಗೂ ಹೋಗುತ್ತಿತ್ತು ಎಂಬುದನ್ನು ಹೇಳುವವರು ಕಡಿಮೆ.

ಎಮಿರ್ ವಿಷಯದಲ್ಲಿ ಪರ ವಾದಕ್ಕೆ ಸ್ವಲ್ಪ ಜಾಗ ಬಿಡುತ್ತೇನೆ. ಆ ತಳಿಗೆ ವೈನ್ ಮಾಡುವವರ ಆಸರೆ ಬೇಕು, ನಿಜ. ಆದರೆ ಬೇಕಾದುದನ್ನು ಮಾಡಬೇಕಾದವರು ಅವರೇ: ಕಣಿವೆಯ ಸಣ್ಣ ರೈತರೊಂದಿಗೆ ಹಲವು ವರ್ಷಗಳ ಖರೀದಿ ಒಪ್ಪಂದ ಮಾಡಿಕೊಳ್ಳಲಿ, ಸವರುವ ಕೂಲಿಯನ್ನು ಮುಂಗಡ ಕೊಡಲಿ, ಬಾಟಲಿಯ ಮೇಲೆ ತೋಟದ ಊರಿನ ಹೆಸರು ಬರೆಯಲಿ. ಪ್ರವಾಸಿ ಕುಡಿಯುವುದಾದರೆ ಅಂಥ ಬಾಟಲಿಯನ್ನು ಹುಡುಕಿ ಕುಡಿಯಲಿ. ಕುಡಿಯದವನು ಊರಿನ ಸಂತೆಯಲ್ಲಿ ಮನೆಯಲ್ಲೇ ಕಾಯಿಸಿದ ಪೆಕ್ಮೆಜ್ ಒಂದು ಸೀಸೆ, ಕೊಫ್ತುರ್ ಒಂದು ಪೊಟ್ಟಣ ಕೊಳ್ಳಲಿ. ಅದರ ಹಣ ನೇರವಾಗಿ ಆ ಹೆಂಗಸರ ಕೈಗೇ ಸೇರುತ್ತದೆ.