ಒಂದೇ ಜೀನ್ ನಂಬಿ ತಳಿ ಬಿಡಬೇಡಿ

ಒಂದೇ ಒಂದು ರೋಗ ನಿರೋಧಕ ಜೀನ್ ಇರುವ ತಳಿಯನ್ನು ಲಕ್ಷಾಂತರ ಎಕರೆಗೆ ಹರಡುವುದು ತಪ್ಪು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಗೋಧಿಯ ತುಕ್ಕು ರೋಗವನ್ನೇ ನೋಡಿ. ಗಾಳಿಯಲ್ಲಿ ಬಂದ ತುಕ್ಕಿನ ಶಿಲೀಂಧ್ರದ ಬೀಜಕಣ ಗಿಡದ ಮೇಲೆ ಕೂತು ಮೊಳೆಯುತ್ತದೆ. ಗಿಡ ಉಸಿರಾಡುವ ಸಣ್ಣ ರಂಧ್ರಗಳಾದ ಪತ್ರರಂಧ್ರದಿಂದ ಒಳಗೆ ನುಗ್ಗುತ್ತದೆ. ಗಿಡದ ರಕ್ಷಣೆಯನ್ನು ಅಡಗಿಸಲು ಜೀವಕೋಶದೊಳಗೆ ತನ್ನ ಪ್ರೋಟೀನುಗಳನ್ನು ತಳ್ಳುತ್ತದೆ. ಅದರಲ್ಲಿ ಒಂದನ್ನಾದರೂ ಗುರುತು ಹಿಡಿಯುವ ಜೀನ್ ಗಿಡದಲ್ಲಿದ್ದರೆ, ಆ ಜೀವಕೋಶ ತಾನಾಗಿ ಸಾಯುತ್ತದೆ. ತುಕ್ಕಿನ ಶಿಲೀಂಧ್ರಕ್ಕೆ ಜೀವಂತ ಕೋಶವೇ ಬೇಕು. ಹಾಗಾಗಿ ಅದರ ಕಥೆ ಅಲ್ಲಿಗೇ ಮುಗಿಯಿತು. ಹೊರಗೆ ಕಾಣುವುದು ಒಂದು ಸಣ್ಣ ಚುಕ್ಕೆ, ಅಷ್ಟೇ.

ಎಷ್ಟು ಚೆಂದದ ವ್ಯವಸ್ಥೆ, ಅಲ್ವಾ? ಆದರೆ ಅಗಸೆ ಗಿಡದ ತುಕ್ಕು ರೋಗದ ಮೇಲೆ ಕೆಲಸ ಮಾಡಿದ ವಿಜ್ಞಾನಿ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲೇ ಇದರ ಇನ್ನೊಂದು ಮುಖ ತೋರಿಸಿದ್ದರು. ಗಿಡದ ಒಂದು ಜೀನ್‌ಗೆ ಶಿಲೀಂಧ್ರದ ಒಂದು ಜೀನ್ ಜೋಡಿ. ಶಿಲೀಂಧ್ರ ಆ ಒಂದನ್ನು ಬದಲಿಸಿಕೊಂಡರೆ ಗಿಡಕ್ಕೆ ಗುರುತೇ ಸಿಗುವುದಿಲ್ಲ.

ಆಗಿದ್ದೂ ಅದೇ. ರೈ ಧಾನ್ಯದಿಂದ ಗೋಧಿಗೆ ಬಂದ ಎಸ್‌ಆರ್31 ಜೀನ್ ದಶಕಗಳ ಕಾಲ ಕಾಂಡದ ತುಕ್ಕನ್ನು ತಡೆಯಿತು. ಜಗತ್ತೆಲ್ಲ ಅದನ್ನೇ ನೆಚ್ಚಿಕೊಂಡಿತು. 1998ರಲ್ಲಿ ಉಗಾಂಡಾದಲ್ಲಿ ಅದನ್ನು ಮೀರುವ ತುಕ್ಕು ಕಾಣಿಸಿತು. 2006ರಲ್ಲಿ ಕೀನ್ಯಾದಲ್ಲಿ ಎಸ್‌ಆರ್24 ಎಂಬ ಇನ್ನೊಂದು ನಿರೋಧಕ ಜೀನ್ ಕೂಡ ಸೋತಿತು.

ನನಗೆ ಜಾಸ್ತಿ ಮೆಚ್ಚುಗೆ ಇರುವುದು ಗೋಧಿಯದೇ ಇನ್ನೊಂದು ಜೀನ್ ಎಲ್‌ಆರ್34 ಮೇಲೆ. ಇದು ರೋಗವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ತುಕ್ಕಿನ ಗುಳ್ಳೆಗಳು ಕಡಿಮೆ, ಸಣ್ಣವು, ತಡವಾಗಿ ಏಳುತ್ತವೆ. ಎಲೆಯ ತುದಿ ಮಾತ್ರ ಒಣಗಿದಂತೆ ಕಾಣುತ್ತದೆ, ನೋಡೋಕೆ ಅಷ್ಟು ಚೆನ್ನಾಗಿರುವುದಿಲ್ಲ. ಆದರೆ ಎಷ್ಟೋ ದಶಕಗಳಿಂದ ಹೊಲದಲ್ಲಿದ್ದರೂ ಇದನ್ನು ಮುರಿಯುವ ತುಕ್ಕು ಬಂದಿಲ್ಲ. ಸುಮ್ನೆ ಒಂದೆರಡು ಗುಳ್ಳೆ ಕಂಡಿತು ಅಂತ ಇಂಥ ಗಿಡವನ್ನು ಕಿತ್ತು ಬಿಸಾಡುವುದು ಅನ್ಯಾಯ.

ಬಲವಾದ ಜೀನ್‌ಗಳನ್ನು ಬಳಸಲೇಬಾರದು ಅಂತಲ್ಲ, ಜೊತೆಗೂಡಿಸಿ ಬಳಸಿ. 2008ರಲ್ಲಿ ಬಂದ ಸುಧಾರಿತ ಸಾಂಬಾ ಮಹ್ಸೂರಿ ಭತ್ತದಲ್ಲಿ ದುಂಡಾಣು ಎಲೆ ಅಂಗಮಾರಿಗೆ ಮೂರು ಜೀನ್‌ಗಳನ್ನು ಸೇರಿಸಿದ್ದಾರೆ. ಒಂದು ಜೀನ್ ಇರುವ ಗಿಡ ಯಾವುದು, ಮೂರೂ ಇರುವ ಗಿಡ ಯಾವುದು ಅಂತ ಬರಿಗಣ್ಣಿಗೆ ತಿಳಿಯುವುದು ಕಷ್ಟ. ಅದಕ್ಕೇ ಆ ಜೀನ್‌ಗಳು ಇವೆಯೇ ಎಂದು ತೋರಿಸುವ ಡಿಎನ್‌ಎ ಗುರುತುಗಳನ್ನು ಬಳಸಿ ಆರಿಸಿದರು. ಈ ದಾರಿ ಕೈಯಲ್ಲಿರುವಾಗ, ಹೊಸ ತಳಿ ಬಿಡುವವರು ಅದರಲ್ಲಿ ಯಾವ ಯಾವ ನಿರೋಧಕ ಜೀನ್‌ಗಳಿವೆ ಅಂತ ರೈತರಿಗೆ ಬರೆದೇ ಕೊಡಬೇಕು.