ಪಟ್ಟಿ ಬರುವ ಮೊದಲೇ ಬಂದ ಬೆಕ್ಕು

ಮುಂಬಯಿ ಹತ್ತಿರದ ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಮೂವರ ಬೆಂಚಿನ ಮೇಲೆ ನಾಲ್ಕನೆಯವನಾಗಿ ಕೂರುವುದು ಒಂದು ವಿದ್ಯೆ. ಅರ್ಧ ಭಾರ ರೈಲ್ವೆಯ ಮೇಲೆ, ಇನ್ನರ್ಧ ದೇವರ ಮೇಲೆ. ಕಳೆದ ವರ್ಷ ಒಂದು ದಿನ ಹಾಗೆ ಕುಳಿತು ಮೊಬೈಲ್ ತೆರೆದೆ. ಅಂಧೇರಿಯ ಕಡೆ ಹಾರರ್ ಮತ್ತು ಫ್ಯಾಂಟಸಿ ಸಿನಿಮಾಗಳ ಪುಟ್ಟ ಉತ್ಸವವೊಂದು ನಡೆಯುವುದಿತ್ತು. ಯಾವ ಯಾವ ಚಿತ್ರಗಳೆಂಬ ಪಟ್ಟಿ ಮಾತ್ರ ಹೊರಬಿದ್ದಿರಲಿಲ್ಲ. ಅದರ ಬದಲು ಒಂದು ಪೋಸ್ಟರ್ ಇತ್ತು: ಕೂದಲು ಕೆದರಿದ ಹೆಂಗಸು, ಕಣ್ಣಿರಬೇಕಾದ ಜಾಗದಲ್ಲಿ ಎರಡು ಸಾಲು ಹಲ್ಲು. ಪಕ್ಕದಲ್ಲಿದ್ದ ಹಿರಿಯರು ಆ ಬೋಗಿಯ ಭಜನಾ ಮಂಡಳಿಯಲ್ಲಿ ತಾಳ ಹಾಕುವವರು. ಇಣುಕಿ ನೋಡಿದರು. (ಪಕ್ಕದವರ ಮೊಬೈಲಿಗೆ ಇಣುಕುವ ಹಕ್ಕು ಇಲ್ಲಿ ಸೀಸನ್ ಪಾಸಿನ ಜೊತೆಗೇ ಬರುತ್ತದೆ.) ಅವರ ತಾಳ ತಪ್ಪಿತು. ವಿಠಲನ ಹೆಸರು ಅರ್ಧಕ್ಕೆ ನಿಂತಿತು. ಥಾಣೆ ಸ್ಟೇಷನ್ ಬರುವ ಮೊದಲೇ ಎದ್ದು ಬಾಗಿಲ ಕಡೆ ನಡೆದರು. ನನಗೆ ಪೂರ್ತಿ ಸೀಟು ಸಿಕ್ಕಿತು. ಆ ಉತ್ಸವದಿಂದ ನನಗೆ ಇವತ್ತಿನವರೆಗೆ ಆದ ಲಾಭ ಅದೊಂದೇ.

ನಾನು ಧೈರ್ಯವಂತನೇನಲ್ಲ. ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋಗುವಾಗ ದಾರಿಯ ದೀಪಗಳನ್ನೆಲ್ಲ ಹಾಕಿಕೊಂಡು ಹೋಗುವವನು. ಆದರೂ ಬಾಡಿಗೆ ವಿಸಿಆರ್ ಕಾಲದಿಂದ ಈ ಚಟ ಅಂಟಿದೆ. ಆಗ ನಮ್ಮ ಪಾಲಿಗೆ ಭಯವೆಂದರೆ ಇದೇ ಮುಂಬಯಿಯ ರಾಮ್ಸೆ ಸಹೋದರರು. 1972ರಲ್ಲಿ ಅವರು ಮದುವೆ ದಿಬ್ಬಣದವರಂತೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮಹಾಬಲೇಶ್ವರಕ್ಕೆ ಹೋಗಿ ಒಂದು ಹೆಣದ ಕಥೆಯನ್ನು ಚಿತ್ರೀಕರಿಸಿಕೊಂಡು ಬಂದರು. ಅಣ್ಣತಮ್ಮಂದಿರಲ್ಲಿ ಒಬ್ಬರು ಕ್ಯಾಮೆರಾ ಹಿಡಿದರೆ ಇನ್ನೊಬ್ಬರು ಧ್ವನಿ ನೋಡಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಸೇರಿದರೆ ಆಸ್ತಿಯ ಮಾತು ಬರುತ್ತದೆಯೇ ಹೊರತು ದೆವ್ವ ಹುಟ್ಟುವುದಿಲ್ಲ.

ಪಟ್ಟಿಗೆ ಕಾಯುತ್ತ ಹೊಟ್ಟೆ ಉರಿಸಿಕೊಳ್ಳಲು ಹೊರದೇಶದ ಉತ್ಸವಗಳ ಬಗ್ಗೆ ಓದತೊಡಗಿದೆ. ಬಾರ್ಸಿಲೋನಾದ ಹತ್ತಿರ ಸಿಟ್ಜೆಸ್ ಎಂಬ ಕಡಲತೀರದ ಊರಿನಲ್ಲಿ 1968ರಿಂದ ಇಂಥದೊಂದು ಉತ್ಸವ ನಡೆದುಕೊಂಡು ಬಂದಿದೆ. ಅಲ್ಲಿ ಜನ ಹೆಣಗಳಂತೆ ಬಣ್ಣ ಬಳಿದುಕೊಂಡು ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಸಂಜೆ ಏಳರ ದಾದರ್ ಸ್ಟೇಷನ್ನಿನಲ್ಲಿ ಅದೇ ಮೆರವಣಿಗೆಯನ್ನು ಬಣ್ಣದ ಖರ್ಚಿಲ್ಲದೆ ದಿನವೂ ನೋಡುವ ನನಗೆ ಅದೇನೂ ಹೊಸದೆನಿಸಲಿಲ್ಲ. ಮನಸ್ಸು ಸೆಳೆದದ್ದು ಕೆನಡಾದ ಮಾಂಟ್ರಿಯಲ್‌ನ ಫ್ಯಾಂಟೇಸಿಯಾ. 1996ರಲ್ಲಿ ಶುರುವಾದ ಈ ಉತ್ಸವದಲ್ಲಿ ದೀಪ ಆರಿದೊಡನೆ ಪ್ರೇಕ್ಷಕರೆಲ್ಲ ಬೆಕ್ಕಿನಂತೆ ಮಿಯಾಂವ್ ಎನ್ನುತ್ತಾರೆ. ದೊಡ್ಡ ದೊಡ್ಡವರು, ಗಡ್ಡದವರು, ಟಿಕೆಟ್ಟಿಗೆ ದುಡ್ಡು ಕೊಟ್ಟು ಬಂದವರು.

ಇಲ್ಲಿ ನಮ್ಮ ಪಟ್ಟಿ ಯಾಕೆ ತಡ ಎಂಬುದನ್ನು ಆಯೋಜಕರನ್ನು ಬಲ್ಲ ಗೆಳೆಯನೊಬ್ಬ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತ ವಿವರಿಸಿದ. ವಿದೇಶದ ಈ ಸಿನಿಮಾಗಳಿಗೆ ನಮ್ಮ ಸೆನ್ಸಾರ್ ಪ್ರಮಾಣಪತ್ರವಿರುವುದಿಲ್ಲ. ಉತ್ಸವದ ಮಟ್ಟಿಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ತರಬೇಕು, ಅದಕ್ಕೆ ಚಿತ್ರಗಳ ಹೆಸರು, ಕಥಾಸಾರ ಎಲ್ಲ ಕಳುಹಿಸಬೇಕು. ಅಂದರೆ ಎಂಥ ರಕ್ತಪಿಶಾಚಿಯಾದರೂ ದೆಹಲಿಯ ಕಡತದಲ್ಲಿ ಸಹಿಗಾಗಿ ಕಾದು ಕೂರಬೇಕು. ಜೊತೆಗೆ, ಪಟ್ಟಿಯನ್ನು ಒಂದೇ ಸಲ ಬಿಡುವುದಿಲ್ಲವಂತೆ. ಚಿಟ್ ಫಂಡಿನ ಹಾಗೆ ಕಂತು ಕಂತು.

ಇತ್ತ ನನ್ನ ಮೊಬೈಲಿನಲ್ಲಿ ದಿನವೂ ಒಂದೇ ಸಾಲು: ಪಟ್ಟಿ ನಾಳೆ. ಮರುದಿನ ನೋಡಿದರೆ ಮತ್ತೆ, ಪಟ್ಟಿ ನಾಳೆ. ಎಲ್ಲೋ ಓದಿದ್ದೇನಲ್ಲ ಇದನ್ನು ಎಂದುಕೊಂಡೆ. ನೆನಪಾಯಿತು. ತೊಂಬತ್ತರ ದಶಕದಲ್ಲಿ ರಜೆಗೆ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಬೀದಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ರಾತ್ರಿ ಮೋಹಿನಿ ಬಂದು ಮನೆಯವರ ದನಿಯಲ್ಲೇ ಕರೆಯುತ್ತಾಳೆ, ಬರೆದದ್ದನ್ನು ಓದಿ ವಾಪಸು ಹೋಗುತ್ತಾಳೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತಾಳೆ. ಎಂಥ ಪೆದ್ದ ದೆವ್ವ ಎಂದು ಆಗ ನಕ್ಕಿದ್ದೆ. ಈಗ ಹದಿನೇಳನೆಯ ದಿನವೂ ತಪ್ಪದೆ ಬಾಗಿಲಿಗೆ ಹೋಗಿ ಓದಿ ಮರಳುತ್ತಿದ್ದವನು ನಾನೇ.

ಮನೆಯಲ್ಲಿ ಮೊದಲು ವಿಚಾರಿಸಿದವರು ಅಮ್ಮ. ಕಾರ್ಕಳದ ಕಡೆಯವರಿಗೆ ಭೂತ ಎಂದರೆ ಹೆದರಿಸುವ ವಸ್ತುವಲ್ಲ, ಕೈಮುಗಿಯುವ ದೈವ. ಇದನ್ನು ಮರೆತು ನಾನು ಭೂತದ ಉತ್ಸವ ಎಂದುಬಿಟ್ಟಿದ್ದೆ.

“ಯಾವ ಭೂತ? ಪಂಜುರ್ಲಿಯೋ, ಗುಳಿಗನೋ?”

“ಕೊರಿಯಾದ್ದಮ್ಮ.”

“ಅಲ್ಲಿಯೂ ನೇಮ ಕಟ್ಟುತ್ತಾರಾ?”

ನಗಲು ಬಾಯಿ ತೆರೆದವನು ಮುಚ್ಚಿಕೊಂಡೆ. ಯಾಕೆಂದರೆ ಕಟ್ಟುತ್ತಾರೆ! ಕೊರಿಯಾದಲ್ಲಿ ಮುದಾಂಗ್ ಎಂಬ ಹೆಂಗಸರು ಬಣ್ಣದ ಉಡುಪು ತೊಟ್ಟು, ಡೋಲಿನ ಸದ್ದಿಗೆ ಕುಣಿದು, ಮೈಮೇಲೆ ಬರಿಸಿಕೊಂಡು ನುಡಿ ಕೊಡುವ ಆಚರಣೆ ಇಂದಿಗೂ ಇದೆ. ಹೌದು ಎಂದೆ. ಅಮ್ಮ ಸಮಾಧಾನಪಟ್ಟು, “ಬರಿಗೈಯಲ್ಲಿ ಹೋಗಬೇಡ, ಅಡಿಕೆ ಹಿಂಗಾರ ತೆಗೆದುಕೊಂಡು ಹೋಗು” ಎಂದರು.

ಕಚೇರಿಯಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಹಿಂದಿನ ವರ್ಷ ಉತ್ಸವ ನಡೆದಿದ್ದ ದಿನಗಳನ್ನೇ ನಂಬಿ ಸೆಪ್ಟೆಂಬರಿನಲ್ಲಿ ಮೂರು ದಿನ ರಜೆ ಕೇಳಿದೆ. ಕಾರಣದ ಜಾಗದಲ್ಲಿ ‘ಹಿರಿಯರ ಕಾರ್ಯ’ ಎಂದು ಬರೆದೆ. ಪೂರ್ತಿ ಸುಳ್ಳೇನಲ್ಲ, ಸಿನಿಮಾದ ಪಿಶಾಚಿಗಳಿಗೆ ಕಡಿಮೆಯೆಂದರೂ ಮುನ್ನೂರು ವರ್ಷವಾಗಿರುತ್ತದೆ. ಅದು ಪಿತೃಪಕ್ಷವೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ, ಸಾಹೇಬರಿಗೆ ಹೊಳೆಯಿತು. ಕೊಲ್ಹಾಪುರದ ಆ ಮಹಾನುಭಾವರು ಕನ್ನಡಕ ತೆಗೆದು, ದನಿ ತಗ್ಗಿಸಿ, ಕೂಡಲೇ ಸಹಿ ಹಾಕಿದರು. ಉತ್ಸವ ನವೆಂಬರಿಗೆ ಹೋಯಿತು. ನಾನು ಮೂರು ದಿನ ಮನೆಯಲ್ಲಿ ಫ್ಯಾನು ಒರೆಸಿದೆ. ಮರಳಿದ ದಿನ ಸಾಹೇಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಕಾಗೆ ಮುಟ್ಟಿತೇ?”

ನಾನು ಮೊಬೈಲ್ ನೋಡುತ್ತಿದ್ದೆ. “ಎಲ್ಲಿ ಸರ್, ಇನ್ನೂ ಪಟ್ಟಿಯೇ ಬಂದಿಲ್ಲ” ಎಂದುಬಿಟ್ಟೆ.

ಹೆಗಲು ತಟ್ಟಿ ಹೋದರು. ದುಃಖದಲ್ಲಿ ಮನುಷ್ಯ ಏನೇನೋ ಮಾತಾಡುತ್ತಾನೆ ಎಂದುಕೊಂಡಿರಬೇಕು.

ಇಷ್ಟಾದರೂ ಬೆಕ್ಕಿನ ಕಥೆ ಬಾಕಿ ಉಳಿದಿದೆ. ಅಂಧೇರಿಯಲ್ಲಿ ದೀಪ ಆರಿದಾಗ ಮಾಂಟ್ರಿಯಲ್ ಪದ್ಧತಿಯನ್ನು ಆರಂಭಿಸುವ ಮೊದಲ ಭಾರತೀಯ ನಾನಾಗಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದೆ. ಅಭ್ಯಾಸ ಬೇಡವೇ? ಒಂದು ರಾತ್ರಿ ಕರೆಂಟ್ ಹೋಯಿತು. ಹೆಂಡತಿ ಮೇಣದಬತ್ತಿ ಹುಡುಕುತ್ತಿದ್ದಳು. ನಾನು ಬಾಲ್ಕನಿಯಲ್ಲಿ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು, ಒಂದು ದೀರ್ಘ ಮಿಯಾಂವ್ ಬಿಟ್ಟೆ. ಕೆಳಗಿನಿಂದ ನಿಜವಾದ ಬೆಕ್ಕೊಂದು ಉತ್ತರ ಕೊಟ್ಟಿತು. ಕಲಾವಿದನಿಗೆ ಇದಕ್ಕಿಂತ ಮೆಚ್ಚುಗೆ ಬೇಕೇ? ಇನ್ನೆರಡು ಬಿಟ್ಟೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಬಳಿ ಸ್ಟೀಲ್ ತಟ್ಟೆಯಲ್ಲಿ ಹಾಲು. ಮೇಲಿನ ಮನೆಯ ಆಜಿಯ ಕರುಣೆ. ಹಾಲು ನೆಕ್ಕುತ್ತಿದ್ದದ್ದು ಆ ಬೆಕ್ಕು. ಅದು ನನ್ನನ್ನು ದಾಟಿ ಒಳಗೆ ಹೋಗಿ ಸೋಫಾದ ಮೇಲೆ ಕುಳಿತಿತು. ವಾರದೊಳಗೆ ಸೊಸೈಟಿಯ ಕಾರ್ಯದರ್ಶಿಯಿಂದ ಚೀಟಿ: ಅನುಮತಿಯಿಲ್ಲದೆ ಬೆಕ್ಕು ಸಾಕಿದ್ದೀರಿ, ರಾತ್ರಿ ಅದು ಅಸಹಜವಾಗಿ ಕೂಗುತ್ತದೆ, ಪಶುವೈದ್ಯರಿಗೆ ತೋರಿಸುವುದು. ಆ ಚೀಟಿಯನ್ನು ಹೆಂಡತಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ. ಬಂದವರಿಗೆಲ್ಲ ಓದಿ ಹೇಳುತ್ತಾಳೆ.

ಪಟ್ಟಿ ಬಂತು, ಇಪ್ಪತ್ತೆರಡನೆಯ ದಿನ. ಮೊದಲ ಕಂತು, ಐದೇ ಚಿತ್ರ. ನಾನು ಬಯಸಿದ್ದ ಕೊರಿಯಾದ ಸಿನಿಮಾ ಅದರಲ್ಲಿತ್ತು. ಸಂತೋಷಕ್ಕೆ ಅಮ್ಮನನ್ನೂ ಬೆಕ್ಕನ್ನೂ ಎಬ್ಬಿಸಿದೆ. ಆಮೇಲೆ ಸಮಯ ನೋಡಿದೆ: ಶನಿವಾರ ನಡುರಾತ್ರಿ. ಸಿನಿಮಾ ಮುಗಿಯುವ ಹೊತ್ತಿಗೆ ಕೊನೆಯ ಲೋಕಲ್ ಹೋಗಿಯಾಗಿರುತ್ತದೆ, ಮೊದಲನೆಯದು ಇನ್ನೂ ಹೊರಟಿರುವುದಿಲ್ಲ. ಅಂಧೇರಿಯಿಂದ ಡೊಂಬಿವಲಿಗೆ ಟ್ಯಾಕ್ಸಿ ಹಿಡಿದರೆ ಮೀಟರ್ ನೋಡಿಯೇ ಜೀವ ಹೋದೀತು. ಯಾರದೋ ಕಾರು ಸಿಕ್ಕರೆ ಮೂರು ಗಂಟೆಗೆಲ್ಲ ಮನೆ ಮುಟ್ಟುತ್ತೇನೆ, ಬಾಗಿಲು ತೆರೆಯಲು ಒಬ್ಬರು ಎದ್ದರೆ ಸಾಕು ಎಂದು ಹೆಂಡತಿಗೆ ಹೇಳಿದೆ.

ಅವಳು ಬೆಂಗಳೂರಿನವಳು. ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಒಳಕೋಣೆಯ ಕಡೆ ತಿರುಗಿ ಮಗಳನ್ನು ಕೇಳಿದಳು: “ಪುಟ್ಟಿ, ಸೀಮೆಸುಣ್ಣ ಎಲ್ಲಿಟ್ಟಿದ್ದೀಯಾ?”