ಕಾಡು ಅಂದ್ರೆ ಬರೀ ಹಸಿರಲ್ಲ

ನಿನ್ನೆ ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. ಇನ್ನೂ ಸಿಟ್ಟು ಇಳಿದಿಲ್ಲ. ಮಲೆನಾಡಿನ ಕಾಡು ಅಂತ ಹದಿನೈದಿಪ್ಪತ್ತು ಚಿತ್ರ. ಎಲ್ಲದರಲ್ಲೂ ಟ್ಯೂಬಿನಿಂದ ನೇರ ಹಿಂಡಿದ ಸ್ಯಾಪ್ ಗ್ರೀನ್, ಅದೇ ಬಿಸಿಲುಕೋಲು, ನಡುವೆ ಒಂದು ಜಿಂಕೆ. ಕೇಳಿದರೆ ಇಂಟರ್ನೆಟ್ಟಿನ ಫೋಟೊ ನೋಡಿ ಮಾಡಿದ್ದಂತೆ. ಒಂದು ದಿನ ಕಾಡಲ್ಲಿ ಕೂತು ಬರಬಾರದಾ?

ನಾನು ಕತ್ತಲೆಕಾನಿಗೆ ಹೋಗಿಬರುತ್ತಿರುತ್ತೇನೆ. ಸಿದ್ದಾಪುರ ತಾಲ್ಲೂಕಿನ ಆ ರಾಂಪತ್ರೆ ಜಡ್ಡಿಯಲ್ಲಿ, ಅಂದ್ರೆ ಕಾಡುಜಾಯಿಕಾಯಿ ಮರಗಳ ಜೌಗಿನಲ್ಲಿ, ಮಟಮಟ ಮಧ್ಯಾಹ್ನವೂ ಮಬ್ಬು. ನೀರು ನಿಂತ ಕೆಸರಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೇ ಅವು ಮಂಡಿ ಮಡಚಿದ ಹಾಗೆ ಮೇಲೆದ್ದು ಮತ್ತೆ ಕೆಸರಿಗೆ ಇಳಿಯುತ್ತವೆ. ಮೊದಲ ಸಲ ಆ ಬೇರುಗಳ ಮುಂದೆ ಕೂತಾಗ ಹಸಿರು ಟ್ಯೂಬಿನ ಮುಚ್ಚಳ ತೆಗೆಯಲೇ ಇಲ್ಲ. ಇಂಡಿಗೊ ಅನ್ನೋ ಕಡುನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬೆರೆಸಿ, ನೀರು ಹೆಚ್ಚು ಕಮ್ಮಿ ಮಾಡುತ್ತಾ ಇಡೀ ಚಿತ್ರ ಮುಗಿಸಿದೆ. ಗಾಳಿಯಲ್ಲಿ ಎಷ್ಟು ತೇವ ಅಂದ್ರೆ ಬಳಿದ ಬಣ್ಣ ಮುಕ್ಕಾಲು ಗಂಟೆಯಾದರೂ ಒಣಗಲಿಲ್ಲ, ಎರಡನೇ ಸಲ ಬ್ರಷ್ ಇಟ್ಟಾಗ ಬೇರಿನ ಅಂಚು ಹರಡಿ ನೆರಳಿಗೆ ಸೇರಿಹೋಯಿತು. ಬೇಜಾರಾಗಿ ತಲೆಯೆತ್ತಿ ನೋಡಿದೆ. ಎದುರಿಗೂ ಹಾಗೇ ಇತ್ತು! ಬೇರು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಗೊತ್ತೇ ಆಗುತ್ತಿರಲಿಲ್ಲ. ಅದನ್ನೇ ಫೋನಲ್ಲಿ ತೆಗೆದರೆ ಕತ್ತಲೆಯನ್ನೆಲ್ಲ ಬೆಳ್ಳಗೆ ಮಾಡಿ ಒಂದೊಂದು ಬೇರನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ. ಫೋಟೊ ನೋಡಿ ಬರೆದವರ ಕಾಡಲ್ಲಿ ಕತ್ತಲೆ ಇಲ್ಲದಿರುವುದು ಇದಕ್ಕೇ.

ಎಲ್ಲರಿಗೂ ಕಾಡಿಗೆ ಹೋಗೋಕಾಗುತ್ತಾ, ಕೆಲಸ, ಮನೆ, ಅರಣ್ಯ ಇಲಾಖೆಯ ಅನುಮತಿ, ಇಂಬಳದ (ಜಿಗಣೆಯ) ಕಾಟ ಅಂತೀರಿ. ಸರಿ, ಹೋಗಬೇಡಿ. ನಿಮ್ಮ ಬೀದಿಯ ಮರ ಬರೆಯಿರಿ. ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವುಗಳ ಎದುರು ನಿಂತೇ ಬರೆದವರು. ಕಾಣದ ಕಾಡಿಗಿಂತ ಕಂಡ ಒಂದು ಮರ ಸಾಕು ಅಲ್ವಾ?

ಒಂದು ಮಾತು ಹೇಳಲೇಬೇಕು. ಹತ್ತು ವರ್ಷದ ಹಿಂದೆ ನಾನೂ ಫೋಟೊ ನೋಡಿ ಒಂದು ಜಲಪಾತ ಬರೆದಿದ್ದೆ. ನಮ್ಮ ಅತ್ತೆ ಅದನ್ನು ಪ್ರೀತಿಯಿಂದ ಹಾಲ್‌ನ ಗೋಡೆಗೆ ತೂಗುಹಾಕಿದ್ದಾರೆ. ಅವರ ಮನೆಗೆ ಹೋದಾಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತೇನೆ.

ಬರುವ ಮಾರ್ಚಿಗೆ ಮತ್ತೆ ಘಟ್ಟಕ್ಕೆ ಹೊರಟಿದ್ದೇನೆ, ನಾಗಸಂಪಿಗೆ ಚಿಗುರು ನೋಡೋಕೆ. ಎಳೆ ಎಲೆಯೆಲ್ಲ ಕೆಂಪು ಕೆಂಪು, ತಾಮ್ರದ ಹಾಗೆ ಹೊಳೆಯುತ್ತಾ ಜೋತುಬಿದ್ದಿರುತ್ತವೆ. ಬರುವವರು ಹೇಳಿ. ಹಸಿರು ಟ್ಯೂಬು ಮನೆಯಲ್ಲೇ ಇರಲಿ.